ಮಂಗಳವಾರ, ಗುರುವಾರ, ಶನಿವಾರ

ಬೆಳಗಿನ ಐದೂವರೆಗೆ, ಬಫಲೋದಲ್ಲಿ,
ಹಿಮ ಬಳಿಯುವ ಲಾರಿಗಿಂತ ಮೊದಲು ಬರುವವರು ಇವರೇ.
ಕೋಟು ಕಳಚಿ, ತೂಕದ ಯಂತ್ರ ಹತ್ತಿ,
ಅಂಕಿ ನೋಡಿ ನಾಲಿಗೆ ಕಚ್ಚಿಕೊಂಡು,
ಎಡತೋಳನ್ನು ನನ್ನ ಸೂಜಿಗೆ ಒಪ್ಪಿಸಿ
ಬಲತೋಳನ್ನು ವಾದಕ್ಕೆ ಉಳಿಸಿಕೊಳ್ಳುತ್ತಾರೆ.

"ಆ ಕಿಕ್ಕರ್‌ನ ಮೊದಲು ತೆಗೆದು ಬಿಸಾಕಬೇಕು."
ಇದು ಒಂದನೇ ಕುರ್ಚಿ, ಲಿಯೋ ಶಿಮ್ಚಾಕ್,
ಉಕ್ಕಿನ ಕಾರ್ಖಾನೆಯ ಕೊನೆಯ ಪಾಳಿಯಲ್ಲಿ ಇದ್ದವನು.
"ಮೂವತ್ತೆರಡು ಗಜ! ನನ್ನ ಮೊಮ್ಮಗಳು
ಚಪ್ಪಲಿ ಹಾಕ್ಕೊಂಡೇ ಒದೀತಾಳೆ."

ಮೂರನೇ ಕುರ್ಚಿಯಿಂದ ಒಡೆಸ್ಸಾ ಪ್ರುಯಿಟ್,
ಶಾಲೆಯ ಬಸ್ಸು ಓಡಿಸಿ ಪಳಗಿದ ಗಂಟಲು:
"ಗಾಳಿ ಯಾವ ಕಡೆಗಿತ್ತು, ನೋಡಿದೆಯಾ?
ಸರೋವರದ ಗಾಳಿ ಅದು, ಯಾರಪ್ಪನ ಮಾತೂ ಕೇಳಲ್ಲ.
ಹುಡುಗನಿಗಿನ್ನೂ ಇಪ್ಪತ್ಮೂರು.
ಇನ್ನೊಂದು ವಾರ ಇಟ್ಟು ನೋಡು."

ನಾಜಿ ಮುತ್ತಹರ್ ಮಾತಾಡುವುದಿಲ್ಲ, ಲೆಕ್ಕ ಹಾಕುತ್ತಾನೆ,
ತನ್ನ ಅಂಗಡಿಯ ರಸೀದಿ ಸುರುಳಿಯ ಮೇಲೆ.
ನಾವು ಎರಡೂ ಗೆಲ್ಲಬೇಕು,
ಮಯಾಮಿ ಒಂದಾದರೂ ಸೋಲಬೇಕು,
ಡೆನ್ವರ್ ಸೋಲಬೇಕು, ಅಥವಾ ಡೆನ್ವರ್ ಗೆದ್ದರೆ...
ಸುರುಳಿ ಮಡಿಲಿಂದ ಜಾರಿ ನೆಲ ಮುಟ್ಟುತ್ತದೆ.
"ಪ್ಲೇಆಫ್‌ಗೆ ನೂರಕ್ಕೆ ಹನ್ನೊಂದು."
"ಹನ್ನೊಂದಾ? ನನ್ನ ಡಾಕ್ಟರ್ ಇಷ್ಟು ಧಾರಾಳಿ ಅಲ್ಲ,"
ಎಂದು ಲಿಯೋ ನಗುತ್ತಾನೆ, ಸೂಜಿ ಅಲುಗದ ಹಾಗೆ.

ಕೂಸು ಹುಟ್ಟುವ ಮುಂಚೆ ಕುಲಾವಿ ಅನ್ನಬಹುದು ನೀವು.
ಇವರು ಕೂಸಿಗೆ ಶಾಲೆಯನ್ನೂ ಹುಡುಕಿಯಾಗಿದೆ.
ಜನವರಿಯ ಪಂದ್ಯಕ್ಕೆ ಒಡೆಸ್ಸಾ
ಉಣ್ಣೆಯ ಕಾಲುಚೀಲ ತೆಗೆದಿಟ್ಟಿದ್ದಾಳೆ, ಎರಡು ಜೊತೆ.

ನಾಲ್ಕು ಗಂಟೆ ಹೀಗೆ.
ರಕ್ತ ಹೊರಗೆ ಹೋಗಿ, ತೊಳೆಸಿಕೊಂಡು, ಮನೆಗೆ ಮರಳುತ್ತದೆ.
ಐವತ್ಮೂರು ಜನರ ಪಟ್ಟಿಯನ್ನು ಒಬ್ಬೊಬ್ಬರಾಗಿ ಕೆದಕುತ್ತಾರೆ:
ಯಾರ ಮಂಡಿ ಹೋಯಿತು, ಯಾರ ಭುಜ,
ಯಾರು ಸಂಬಳಕ್ಕೆ ಭಾರ, ಯಾರನ್ನು ಕಾಯಬಹುದು.
ಪಟ್ಟಿ ಎಂಬ ಮಾತಿಗೆ ಇಲ್ಲಿ ಇನ್ನೊಂದು ಅರ್ಥ ಉಂಟು.
ಅದನ್ನು ಯಾರೂ ಎತ್ತುವುದಿಲ್ಲ.
ಆದರೂ ಮೂವರ ಫೋನೂ ಹೊಟ್ಟೆಯ ಮೇಲೆ,
ಮುಖ ಮೇಲಾಗಿ.

ಗುರುವಾರ ಮೂರನೇ ಕುರ್ಚಿಗೆ ಹೊಸ ಹೊದಿಕೆ. ಖಾಲಿ.
ಯಾರೂ ಕೇಳಲಿಲ್ಲ.
ಕೇಳಿದರೂ ನಾನು ಹೇಳುವಂತಿಲ್ಲ,
ಕೆಲಸಕ್ಕೆ ಸೇರಿದ ದಿನವೇ ಸಹಿ ಹಾಕಿಸಿಕೊಂಡಿದ್ದಾರೆ.
ಟೀವಿಯಲ್ಲಿ ಸದ್ದಿಲ್ಲದೆ ಭಾನುವಾರದ ಒದೆತ,
ಚೆಂಡು ಎಡಗಂಬಕ್ಕೆ ಬಡಿದು ಹೊರಗೆ,
ಮತ್ತೆ ಎಡಗಂಬ, ಮತ್ತೆ ಹೊರಗೆ.

ಲಿಯೋ ಪರದೆಯಿಂದ ಕಣ್ಣು ತೆಗೆಯದೆ:
"ಗಾಯಾಳುಗಳ ಪಟ್ಟಿಯೋ,
ತಂಡದಿಂದಲೇ ಕೈಬಿಟ್ಟರೋ?"
ಯಾರ ಬಗ್ಗೆ ಅಂತ ನಾನೂ ಕೇಳಲಿಲ್ಲ.
ರಕ್ತದೊತ್ತಡ ಬರೆದುಕೊಂಡೆ.
"ಎರಡೂ ಅಲ್ಲ," ಅಂದೆ.

ಪೆನ್ನು ನಿಂತಿತು.
"ಅಂದರೆ," ನಾಜಿ ತೀರಾ ಮೆಲ್ಲಗೆ, "ಮುಂದಿನ ಸುತ್ತು?"
ಅವನ ತೋಳಿನ ಟೇಪನ್ನು
ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಒತ್ತುತ್ತಾ ನಿಂತೆ.
ಫೋನು ಬಂದದ್ದು ರಾತ್ರಿ ಎರಡೂಕಾಲಕ್ಕೆ.
ಅವಳು ಕಾಲುಚೀಲ ಹಾಕಿಕೊಂಡು ಹೋದಳೋ ಇಲ್ಲವೋ
ನನಗೂ ಗೊತ್ತಿಲ್ಲ.

ನಾಜಿ ಹಳೆಯ ಸುರುಳಿ ಹರಿದು
ಹೊಸ ಲೆಕ್ಕಕ್ಕೆ ಕೂತ. ತುಟಿ ಅಲುಗುತ್ತಿತ್ತು,
ಅಂಕಿಯೋ, ದುವಾವೋ.

ಚೆಂಡು ಮತ್ತೊಮ್ಮೆ ಕಂಬಕ್ಕೆ ಬಡಿಯಿತು.
ಬೈಗುಳಕ್ಕೆ ಕಾದೆ.
"ಗಾಳಿ ಇತ್ತು ಬಿಡು," ಅಂದ ಲಿಯೋ.
ಆಮೇಲೆ ಐಸ್ ಕೇಳಿದ.
ತೂಕ ಆಗಲೇ ಎರಡು ಕಿಲೋ ಹೆಚ್ಚಿತ್ತು.
ಎರಡು ಚೂರು ಕೊಟ್ಟೆ.